ಮೂರು ಕೋಟ್ ಬಣ್ಣ

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ತೂಕದಕ್ಕ ಎನ್ನುತ್ತಿದ್ದರು. ಮೈತೂಕಕ್ಕೂ ಆ ಹೆಸರಿಗೂ ಏನೇನೂ ಸಂಬಂಧವಿಲ್ಲ. ಜೋರಾಗಿ ಗಾಳಿ ಬೀಸಿದರೆ ಹಾರಿಹೋಗುವಂಥ ಆಳು. ಹಳೇ ಬ್ಯಾಟರಿಗಳನ್ನು ಒಡೆದು ಕರಗಿಸಿ ಸೀಸ ತೆಗೆಯುವ ಆ ಕಾರ್ಖಾನೆಯ ಲ್ಯಾಬಿನಲ್ಲಿ ಕೂತು ಹೊಗೆಯನ್ನು ತೂಗುವುದು ಅವಳ ಕೆಲಸ. ಹೊಗೆಯನ್ನೂ ತೂಗುತ್ತಾರೆಯೇ ಎಂದು ನಗುವವರು ನಗಲಿ. ಪ್ರತಿ ಗುರುವಾರ ಅವಳ ಅಣ್ಣ ಚಿಮಣಿಯ ಏಣಿ ಹತ್ತಿ, ಅರ್ಧ ಎತ್ತರದಲ್ಲಿದ್ದ ಕಿಂಡಿಯ ಮುಚ್ಚಳ ಬಿಚ್ಚಿ, ಒಳಗೆ ಕೊಳವೆ ತೂರಿಸಿ, ಪಂಪಿನಲ್ಲಿ ಹೊಗೆ ಎಳೆದು ಅಂಗೈಯಗಲದ ಬಿಳಿ ಕಾಗದದ ಮೂಲಕ ಹಾಯಿಸುತ್ತಿದ್ದ. ಆ ಕಾಗದವನ್ನು ಒಂದು ಊಟದ ಡಬ್ಬಿಯಲ್ಲಿಟ್ಟು, ಎದೆಗವಚಿಕೊಂಡು ಕೆಳಗಿಳಿಯುತ್ತಿದ್ದ. ಆ ಡಬ್ಬಿಯಲ್ಲಿ ಯಾರೂ ಊಟ ಮಾಡುತ್ತಿರಲಿಲ್ಲ, ಗಾಬರಿಯಾಗಬೇಡಿ. ಹತ್ತುವ ಮೊದಲು ಕಾಗದ ಎಷ್ಟು ತೂಗುತ್ತಿತ್ತು, ಇಳಿದ ಮೇಲೆ ಎಷ್ಟಾಯಿತು ಎಂದು ಅವಳು ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ ನೋಡಿ, ಲೆಕ್ಕ ಹಾಕಿ ಬರೆಯುತ್ತಿದ್ದಳು. ಹದಿನಾಲ್ಕು ವರ್ಷದಿಂದ ಅಣ್ಣ ಹತ್ತುತ್ತಿದ್ದ, ತಂಗಿ ತೂಗುತ್ತಿದ್ದಳು.

ಒಂದು ಘನಮೀಟರ್ ಹೊಗೆಯಲ್ಲಿ ಧೂಳು ಐವತ್ತು ಮಿಲಿಗ್ರಾಂ ದಾಟಬಾರದು ಎಂದು ಕಾನೂನು. ಕಳೆದ ವರ್ಷದಲ್ಲಿ ಒಂದೇ ಒಂದು ವಾರವೂ ಇನ್ನೂರರ ಕೆಳಗೆ ಇಳಿದಿರಲಿಲ್ಲ. ಕಾರಣ ಕಂಡುಹಿಡಿಯಲು ದೊಡ್ಡ ವಿದ್ಯೆಯೇನೂ ಬೇಕಿರಲಿಲ್ಲ. ಹೊಗೆಯಲ್ಲಿನ ಧೂಳನ್ನು ಹಿಡಿಯಲು ಕುಲುಮೆಗೂ ಚಿಮಣಿಗೂ ನಡುವೆ ಆಳೆತ್ತರದ ಬಟ್ಟೆ ಚೀಲಗಳನ್ನು ಸಾಲಾಗಿ ನೇತುಹಾಕಿರುತ್ತಾರೆ. ಅವು ಹರಿದು ಚಿಂದಿಯಾಗಿದ್ದವು. ಹೊಸ ಚೀಲ ತರಿಸಿ ಎಂದು ತೂಕದಕ್ಕ ಮೂರು ಸಲ ಬರೆದುಕೊಟ್ಟಿದ್ದಳು. ಮೂರು ಕಾಗದವೂ ಮ್ಯಾನೇಜರರ ಮೇಜಿನ ಮೇಲೆ ಹೂದಾನಿಯ ಕೆಳಗೆ ತಣ್ಣಗೆ ಮಲಗಿದ್ದವು.

ಈ ಮ್ಯಾನೇಜರರಿಗೆ ಇಸ್ತ್ರಿ ಸಾಹೇಬರು ಎಂದು ಹೆಸರು ಬಿದ್ದಿತ್ತು. ನೆಲ, ಗೋಡೆ, ಮರದೆಲೆ ಎಲ್ಲದರ ಮೇಲೂ ಬೂದು ಪುಡಿ ಕೂರುವ ಜಾಗದಲ್ಲಿ ಅವರ ಅಂಗಿಯ ಮೇಲೆ ಮಾತ್ರ ಒಂದು ಚುಕ್ಕೆ ಬಿದ್ದದ್ದನ್ನು ಕಂಡವರಿಲ್ಲ. ಬಾಗಿಲು ಹಾಕಿದ ಕೋಣೆ ಬಿಟ್ಟು ಹೊರಗೆ ಬಂದರೆ ತಾನೇ ಬೀಳುವುದು!

ಶುಕ್ರವಾರ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ತಪಾಸಣೆ. ಅದಕ್ಕೆ ಮೊದಲು ವರ್ಷದ ಹೊಗೆಯ ವರದಿ ಮಂಡಳಿಗೆ ಹೋಗಬೇಕು. ಸೋಮವಾರ ಬೆಳಿಗ್ಗೆ ಇಸ್ತ್ರಿ ಸಾಹೇಬರು ತೂಕದಕ್ಕನನ್ನು ಕರೆಸಿ, ಟೈಪು ಮಾಡಿಸಿದ ನಾಲ್ಕು ಹಾಳೆ ಮುಂದಿಟ್ಟರು.

"ಒಂದು ಸಹಿ ಅಷ್ಟೇ ಅಮ್ಮ."

ಅವಳು ಓದಿದಳು. ಮೂವತ್ತೆಂಟು, ನಲವತ್ತೊಂದು, ಮೂವತ್ತಾರು, ಮೂವತ್ತೊಂಬತ್ತು. ವರ್ಷವಿಡೀ ಹೀಗೇ.

"ಸರ್, ಇದು ಯಾವ ಕಾರ್ಖಾನೆದು?"

"ನಮ್ಮದೇ. ಯಾಕೆ?"

"ಹಾಗಾದ್ರೆ ಈ ಕಾರ್ಖಾನೆಲಿ ನಂಗೂ ಒಂದು ಕೆಲ್ಸ ಕೊಡ್ಸಿ. ಗಾಳಿ ಬಹಳ ಚೆನ್ನಾಗಿರೋ ಹಾಗಿದೆ."

ಸಾಹೇಬರು ನಗಲಿಲ್ಲ. ಪೆನ್ನಿನ ಕ್ಯಾಪು ತೆಗೆದು, ಹಾಕಿ, ಮತ್ತೆ ತೆಗೆದರು. "ನೋಡಿಮ್ಮಾ, ಎಲ್ಲಾ ಕಡೆ ಹೀಗೇ ನಡೆಯೋದು. ಮುನ್ನೂರು ಜನರ ಹೊಟ್ಟೆಪಾಡು ಇದು. ನಿಮ್ಮಣ್ಣನಿಗೆ ರಿಟೈರ್ ಆಗೋಕೆ ಇನ್ನು ಮೂರು ವರ್ಷ ಅಲ್ವಾ?"

"ನನ್ನ ಸಹಿ ಕೇಳೋಕೆ ಕರೆಸಿದ್ರಿ. ಮಧ್ಯದಲ್ಲಿ ಅಣ್ಣ ಯಾಕೆ ಬಂದ?"

"ಸುಮ್ನೆ ನೆನಪಾಯ್ತು."

"ನಾನು ತೂಗಿದ್ದಕ್ಕೆ ಸಹಿ ಹಾಕ್ತೀನಿ ಸರ್. ನೀವು ಟೈಪ್ ಮಾಡಿಸಿದ್ದಕ್ಕೆ ನೀವೇ ಹಾಕ್ಕೊಳ್ಳಿ."

"ಶುಕ್ರವಾರ ರಜೆ ತಗೊಳ್ಳಿ," ಎಂದರು ಸಾಹೇಬರು. ಅದು ಸಲಹೆಯಲ್ಲ ಎಂದು ಅವಳಿಗೆ ಗೊತ್ತಾಯಿತು.

ಅವಳ ಹಟಕ್ಕೆ ಕಾರಣ ಕಾನೂನೊಂದೇ ಆಗಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವಳು ಅಣ್ಣ ಅತ್ತಿಗೆಯ ಜೊತೆಗೇ ಇದ್ದಳು. ಒಂದು ವರ್ಷದಿಂದ ಮನೆಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಒಂದು ಕೆಲಸ ಹೆಚ್ಚಾಗಿತ್ತು: ಅತ್ತಿಗೆ ಅಣ್ಣನ ಅಂಗಿಗೆ ಗುಂಡಿ ಹಾಕುವುದು. ಅವನ ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತುಬೀಳುತ್ತಿತ್ತು. ಸೀಸ ನರಕ್ಕೆ ಹತ್ತಿದೆ ಎಂದು ಡಾಕ್ಟರು ಹೇಳಿದ್ದರು. ಕಾರ್ಖಾನೆಯಲ್ಲಿ ಗೊತ್ತಾದರೆ ಮನೆಗೆ ಕಳಿಸುತ್ತಾರೆಂದು ಅವನು ತುಟಿ ಬಿಚ್ಚಿರಲಿಲ್ಲ. ಈಗೀಗ ಮುಚ್ಚಳದ ನಾಲ್ಕು ಬೋಲ್ಟು ಬಿಚ್ಚಲು ಎರಡೂ ಕೈಯಲ್ಲಿ ಸ್ಪ್ಯಾನರ್ ಹಿಡಿಯಬೇಕಾಗಿತ್ತು. ವರದಿ ನಿಜವಾದರೆ ಹೊಸ ಚೀಲ ಬರುತ್ತದೆ, ಅಣ್ಣನ ಕೈ ಹೀಗಾದದ್ದು ಎಲ್ಲಿ ಎಂದು ನಾಲ್ಕು ಜನ ಒಪ್ಪುತ್ತಾರೆ. ವರದಿ ಸುಳ್ಳಾದರೆ ಅವನ ಕಾಯಿಲೆಯೇ ಸುಳ್ಳಾಗುತ್ತದೆ. ಮೂವತ್ತೊಂಬತ್ತರ ಗಾಳಿಗೆ ಯಾರ ಕೈ ಬೀಳುತ್ತದೆ? ಈ ಮಾತು ತಲೆಗೆ ಬಂದಾಗಲೆಲ್ಲ ತೂಕದಕ್ಕನ ಮೈ ಉರಿಯುತ್ತಿತ್ತು.

ಮಂಗಳವಾರ ಲ್ಯಾಬಿಗೆ ಬಂದರೆ ಅಲ್ಮೇರಾ ಖಾಲಿ. ವರ್ಷದ ಅಷ್ಟೂ ಕಾಗದಗಳು, ಒಂದೊಂದೂ ಒಂದೊಂದು ಕವರಿನಲ್ಲಿ ತಾರೀಕು ಬರೆದು ಇಟ್ಟಿದ್ದಂಥವು, ಅವಳ ತೂಕದ ಪುಸ್ತಕದ ಸಮೇತ ಮಂಗಮಾಯ. ಕುಲುಮೆ ಪಕ್ಕದಲ್ಲೇ ಇರುವಾಗ ಎಲ್ಲಿ ಹೋದವು ಎಂದು ಕೇಳುವ ಅಗತ್ಯವೂ ಇರಲಿಲ್ಲ. ಹೊರಗೆ ಸುಣ್ಣ ಬಣ್ಣದ ಗದ್ದಲ ಶುರುವಾಗಿತ್ತು. ಗೇಟಿಗೆ ಹಸಿರು, ಕಟ್ಟೆಗೆ ಬಿಳಿ, ಚಿಮಣಿಗೆ ಬೆಳ್ಳಿ ಬಣ್ಣ. ಸಾಹೇಬರು ಕಿಟಕಿಯಿಂದಲೇ ಕೂಗಿ ಹೇಳುತ್ತಿದ್ದರು: "ಒಂದಿಂಚೂ ಬಿಡಬೇಡಿ! ಎಲ್ಲಾ ಫಳಫಳ ಅನ್ಬೇಕು!"

ತೂಕದಕ್ಕನಿಗೆ ಒಂದು ಕೆಟ್ಟ ಚಾಳಿ ಇತ್ತು. ಯಾವುದನ್ನೇ ಆಗಲಿ ಎರಡು ಕಡೆ ಬರೆಯುವುದು. ಮನೆಯ ಡೈರಿಯಲ್ಲಿ ಐವತ್ತೆರಡು ವಾರದ ತೂಕವೂ ಇತ್ತು. ಬುಧವಾರ ಅರ್ಧ ದಿನ ರಜೆ ಹಾಕಿ, ಮಂಡಳಿಯ ಫಾರಂ ತಂದು, ಕೈಯಾರೆ ತುಂಬಿ, ಸಹಿ ಮಾಡಿ, ಕೌಂಟರಿನಲ್ಲಿ ಕೊಟ್ಟಳು.

ಗುಮಾಸ್ತ ಹುಬ್ಬು ಗಂಟಿಕ್ಕಿದ. "ನಿಮ್ಮ ಕಾರ್ಖಾನೆದು ನಿನ್ನೆನೇ ಬಂತಲ್ಲ ಮೇಡಂ?" ಎಂದು ಫೈಲು ತೆರೆದು ತೋರಿಸಿದ. ಅದೇ ಟೈಪು ಮಾಡಿದ ಹಾಳೆ. ಕೆಳಗೆ ಇಸ್ತ್ರಿ ಸಾಹೇಬರ ಸಹಿ. ಅದರ ಪಕ್ಕದಲ್ಲಿ, ಮಾದರಿ ತೆಗೆದವರು ಎಂಬ ಜಾಗದಲ್ಲಿ, ಬಿದ್ದು ಎದ್ದು ನಡೆದ ಹಾಗಿದ್ದ ಇನ್ನೊಂದು ಸಹಿ. ಅದು ಯಾರ ಕೈ ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

ಹಿಂದೆ ಸಾಲಿನಲ್ಲಿ ನಿಂತವರು ಗೊಣಗತೊಡಗಿದರು.

"ಇದನ್ನ ವಾಪಸ್ ತಗೋತೀರಾ?" ಎಂದ ಗುಮಾಸ್ತ.

"ಇಲ್ಲ. ಸೀಲ್ ಹೊಡೀರಿ," ಎಂದಳು.

ಸಂಜೆ ಮನೆಗೆ ಬಂದಾಗ ಅಣ್ಣ ಜಗಲಿಯಲ್ಲಿ ಕೂತಿದ್ದ. ಮೊಣಕೈವರೆಗೂ ಬೆಳ್ಳಿ ಬಣ್ಣ. ಅತ್ತಿಗೆ ಸೀಮೆಎಣ್ಣೆ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ತೆಗೆಯುತ್ತಿದ್ದಳು.

"ಬ್ರಷ್ ಹಿಡಿಯೋಕಾಗ್ದೆ ಕೈಗೆ ಬಟ್ಟೆ ಸುತ್ತಿ ಕಟ್ಕೊಂಡು ಹೊಡೆದಿದಾರೆ ಕಣೆ," ಎಂದಳು ಅತ್ತಿಗೆ. "ಎರಡು ದಿನದಿಂದ ಚಿಮಣಿ ಮೇಲೇ ಸಂಸಾರ."

ತೂಕದಕ್ಕ ಚೀಲವನ್ನು ಕೆಳಗಿಡಲೂ ಇಲ್ಲ. "ಸಹಿ ಹಾಕಿದ್ಯಾ ಅಣ್ಣ?"

"ಹಾಕಿದೆ. ಸೋಮವಾರ ಸಂಜೆ ಕರೆದ್ರು, ಹಾಕಿದೆ. ಏನೀಗ?"

"ನಾನು ಸುಳ್ಳುಗಾತಿ ಅಂತ ಬರೆದುಕೊಟ್ಟ ಹಾಗಾಯ್ತು. ಗೊತ್ತಾ ನಿಂಗೆ?"

"ಈ ಕೈ ಇಟ್ಕೊಂಡು ನಾನು ಇನ್ನೆಲ್ಲಿ ಹೋಗ್ಲಿ ಪುಟ್ಟಿ? ಲೋಟ ಹಿಡಿಯೋಕಾಗದವನಿಗೆ ಯಾರು ಕೆಲ್ಸ ಕೊಡ್ತಾರೆ, ನಿಮ್ಮಪ್ಪನಾ?"

"ನಮ್ಮಪ್ಪ ನಿಮ್ಮಪ್ಪನೂ ಹೌದು. ಆ ಕೈ ಹೀಗಾಗಿದ್ದೇ ಅಲ್ಲಿ. ಅದು ಹಾಗಾಗೇ ಇಲ್ಲ ಅಂತ ಅದೇ ಕೈಯಲ್ಲಿ ಬರೆದುಕೊಟ್ಟು ಬಂದಿದ್ದೀಯ."

ಅತ್ತಿಗೆಯ ಬಟ್ಟೆ ಒಂದು ಕ್ಷಣ ನಿಂತಿತು. ಅಣ್ಣ ತಲೆ ಎತ್ತದೆ ಕೇಳಿದ: "ಶುಕ್ರವಾರ ರಜೆ ತಗೋ ಅಂದಿದಾರಂತಲ್ಲ. ತಗೋತೀಯಾ?"

"ಸತ್ರೂ ಇಲ್ಲ."

"ಹಾಗಾದ್ರೆ ಬಾ," ಎಂದ. ಅಷ್ಟೇ. ಕೋಪದಲ್ಲಿದ್ದವಳಿಗೆ ಅದು ಸವಾಲಿನ ಹಾಗೆ ಕೇಳಿಸಿತು.

ಗುರುವಾರ ಡಬ್ಬಿ ಬರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಅದೇ ಮೊದಲು. ತೂಕದಕ್ಕ ಖಾಲಿ ತಕ್ಕಡಿಯ ಗಾಜನ್ನು ನಾಲ್ಕು ಸಲ ಒರೆಸಿದಳು.

ಶುಕ್ರವಾರ ಬಂದ ಇನ್ಸ್‌ಪೆಕ್ಟರಮ್ಮ ಚಿಕ್ಕ ವಯಸ್ಸಿನವರು. ಕಾಫಿ ಬೇಡ ಎಂದರು, ಹಣ್ಣಿನ ತಟ್ಟೆ ಬೇಡ ಎಂದರು. ಅಲ್ಲಿಗೇ ಇಸ್ತ್ರಿ ಸಾಹೇಬರ ಮುಖ ಸುಕ್ಕಾಯಿತು. ರಜೆಯಲ್ಲಿರಬೇಕಾದ ತೂಕದಕ್ಕ ಬಾಗಿಲಲ್ಲಿ ನಿಂತದ್ದು ಕಂಡು ಇನ್ನಷ್ಟು ಸುಕ್ಕಾಯಿತು. ಇನ್ಸ್‌ಪೆಕ್ಟರಮ್ಮ ಎರಡು ವರದಿಗಳನ್ನು ಅಕ್ಕಪಕ್ಕ ಇಟ್ಟರು.

"ಇರೋದು ಒಂದೇ ಚಿಮಣಿ. ವರದಿ ಎರಡು ಬಂದಿದೆ. ಯಾವುದು ನಿಜ?"

"ಮೇಡಂ, ಈಕೆಗೆ ಬಡ್ತಿ ಸಿಗಲಿಲ್ಲ ಅಂತ ಹೊಟ್ಟೆಕಿಚ್ಚು," ಎಂದರು ಸಾಹೇಬರು, ಬಹಳ ಮೃದುವಾಗಿ. "ಈಕೆ ಒಂದು ದಿನಾನೂ ಚಿಮಣಿ ಹತ್ತಿದವಳಲ್ಲ. ಹತ್ತಿ ಹೊಗೆ ತೆಗೆಯೋನು ಈಕೆಯ ಸ್ವಂತ ಅಣ್ಣ. ಅವನ ಸಹಿ ನಮ್ಮ ವರದಿ ಮೇಲಿದೆ, ನೋಡಿ. ಒಡಹುಟ್ಟಿದವನೇ ಇವಳ ಪರ ಇಲ್ಲ ಅಂದ್ಮೇಲೆ ನೀವೇ ಯೋಚ್ನೆ ಮಾಡಿ."

ಬಡ್ತಿಯ ಮಾತು ಶುದ್ಧ ಸುಳ್ಳು, ಅದು ಅವಳನ್ನು ತಾಕಲಿಲ್ಲ. ಅಣ್ಣನ ಮಾತು ನಿಜ, ಅದು ನೇರ ಎದೆಗೆ ತಾಕಿತು.

"ಕೊನೇ ಸಲ ಮಾದರಿ ತೆಗೆದಿದ್ದು ಯಾವಾಗ?"

"ನಿನ್ನೆ ಮೇಡಂ, ಹನ್ನೊಂದು ಗಂಟೆಗೆ." ಸಾಹೇಬರು ಹೊಸ ರಿಜಿಸ್ಟರ್ ತಿರುಗಿಸಿ ತೋರಿಸಿದರು. "ಮೂವತ್ತೊಂಬತ್ತು."

"ನಡೀರಿ, ಆ ಕಿಂಡಿ ನೋಡೋಣ."

ಸ್ಪ್ಯಾನರ್ ಚೀಲ ಹೆಗಲಿಗೇರಿಸಿ ಅಣ್ಣ ಮುಂದೆ ಹತ್ತಿದ. ಇನ್ಸ್‌ಪೆಕ್ಟರಮ್ಮ ಹತ್ತಿದರು. ಸಾಹೇಬರು ಇಸ್ತ್ರಿ ಅಂಗಿಯನ್ನು ಏಣಿಗೆ ತಾಗಿಸದೆ ಹತ್ತುವ ಸರ್ಕಸ್ ಮಾಡುತ್ತಾ ಹತ್ತಿದರು. ತೂಕದಕ್ಕನನ್ನು ಯಾರೂ ಕರೆಯಲಿಲ್ಲ. ಒಂದು ದಿನಾನೂ ಹತ್ತಿಲ್ಲ ಅಂದರಲ್ಲ, ಎಂದುಕೊಂಡು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವಳೂ ಹತ್ತಿದಳು. ಕೆಳಗೆ ನೋಡಲಿಲ್ಲ.

ಮೇಲೆ ಕಬ್ಬಿಣದ ಜಾಲರಿಯ ಅಟ್ಟ. ಅಲ್ಲಿ ನಿಂತು ಇನ್ಸ್‌ಪೆಕ್ಟರಮ್ಮ ಕಿಂಡಿ ಎಲ್ಲಿ ಎಂದು ಹುಡುಕಿದರು. ಹುಡುಕಲೇಬೇಕಾಗಿತ್ತು. ಮುಚ್ಚಳ, ನಾಲ್ಕು ಬೋಲ್ಟು, ಸುತ್ತಲಿನ ತಗಡು ಎಲ್ಲದರ ಮೇಲೂ ದಪ್ಪನೆಯ ಬೆಳ್ಳಿ ಬಣ್ಣ ಹಾಲಿನ ಕೆನೆಯಂತೆ ಒಂದೇ ಸಮ ಕಟ್ಟಿತ್ತು. ಎಲ್ಲೂ ಒಂದು ಕೂದಲೆಳೆಯ ಬಿರುಕೂ ಇರಲಿಲ್ಲ. ಸ್ಪ್ಯಾನರ್ ತಾಗಿದ ಒಂದು ಗುರುತೂ ಇರಲಿಲ್ಲ.

ಇನ್ಸ್‌ಪೆಕ್ಟರಮ್ಮ ಉಗುರಿನಿಂದ ಗೀರಿ ನೋಡಿದರು. "ನಿನ್ನೆ ಬಿಚ್ಚಿದ ಮುಚ್ಚಳ ಇದೇನಾ?"

"ಅದು... ಬಿಚ್ಚಿ ಹಾಕಿದ ಮೇಲೆ ಬಣ್ಣ ಹೊಡೆಸಿದ್ದು ಮೇಡಂ," ಎಂದರು ಸಾಹೇಬರು. ಹಣೆಯ ಬೆವರು ಕಾಲರಿಗೆ ಇಳಿಯುತ್ತಿತ್ತು.

"ನಾನು ಇವರನ್ನ ಕೇಳ್ತಿದ್ದೀನಿ." ಇನ್ಸ್‌ಪೆಕ್ಟರಮ್ಮ ಅಣ್ಣನ ಕಡೆ ತಿರುಗಿದರು. "ಬಣ್ಣ ಹೊಡೆದಿದ್ದು ಯಾರು? ಯಾವತ್ತು?"

"ಯೋಚ್ನೆ ಮಾಡಿ ಹೇಳು," ಎಂದರು ಸಾಹೇಬರು.

ಅಣ್ಣ ನಿಜವಾಗಿಯೂ ಯೋಚನೆ ಮಾಡಿದ. ಆಮೇಲೆ ಹೇಳಿದ: "ನಾನೇ ಮೇಡಂ. ಮಂಗಳವಾರ ಒಂದು ಕೋಟು. ಬುಧವಾರ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಆಮೇಲೆ ಇದನ್ನ ಯಾರೂ ಮುಟ್ಟಿಲ್ಲ. ನಿನ್ನೆ ನಾನು ಏಣಿನೇ ಹತ್ತಿಲ್ಲ."

"ಚಿಮಣಿ ಪೂರ್ತಿ ಮೂರು ಕೋಟಾ?"

"ಇಲ್ಲ. ಉಳಿದ ಕಡೆ ಒಂದೇ. ಇಲ್ಲಿ ಮಾತ್ರ ಮೂರು."

"ಯಾಕೆ?"

"ಒಂದಿಂಚೂ ಬಿಡಬೇಡ ಅಂದಿದ್ರು ಸಾಹೇಬ್ರು," ಎಂದು ಅಣ್ಣ ತಂಗಿಯ ಕಡೆ ನೋಡಿದ. ಚಿಕ್ಕಂದಿನಲ್ಲಿ ಅವಳ ಪಾಲಿನ ಪೆಟ್ಟನ್ನೂ ತಾನೇ ತಿಂದು ಬಂದು ಹೀಗೇ ನೋಡುತ್ತಿದ್ದ. ಪೆನ್ನು ಕೊಟ್ಟಾಗ ಆಗುವುದಿಲ್ಲ ಎನ್ನಲಾಗದವನು ಗುರುವಾರದ ಅಂಕಿಯೂ ಕಿಂಡಿ ಬಿಚ್ಚದೆಯೇ ಬರುತ್ತದೆಂದು ಊಹಿಸಿ, ಮಾರನೆಯ ದಿನ ಬ್ರಷ್ಷಿನಲ್ಲಿ ಉತ್ತರ ಹೇಳಿಟ್ಟು ಬಂದಿದ್ದ. ಹಾಗಾದ್ರೆ ಬಾ ಎಂದಿದ್ದು ಸವಾಲಲ್ಲ. ಎರಡು ದಿನ ಅವನ ಮೇಲೆ ಕೆಂಡ ಕಾರಿದ್ದಕ್ಕೆ ಅವಳಿಗೆ ಅಲ್ಲೇ ಅಳು ಬರುವಂತಾಯಿತು.

"ಈಗ ಬಿಚ್ಚಿ," ಎಂದರು ಇನ್ಸ್‌ಪೆಕ್ಟರಮ್ಮ.

ಅಣ್ಣ ಎರಡೂ ಕೈಯಲ್ಲಿ ಸ್ಪ್ಯಾನರ್ ಹಿಡಿದು ಒತ್ತಿದ. ಬಲಗೈ ಮಣಿಕಟ್ಟಿನಲ್ಲಿ ಮಡಚಿ ಬಿತ್ತು. ಸ್ಪ್ಯಾನರ್ ಜಾಲರಿಯ ಮೇಲೆ ಠಣ್ ಎಂದಿತು. ತೂಕದಕ್ಕ ಬಗ್ಗಿ ಅದನ್ನೆತ್ತಿಕೊಂಡಳು. ಮೊದಲ ಬೋಲ್ಟಿಗೆ ಸಿಕ್ಕಿಸಿ ಮೈಭಾರವನ್ನೆಲ್ಲ ಹಾಕಿ ನೂಕಿದಳು. ಇರುವುದೇ ಅಷ್ಟು ಮೈ. ಎರಡನೆಯ ಸಲಕ್ಕೆ ಬಣ್ಣ ಪಟಪಟನೆ ಸಿಡಿದು ಬೋಲ್ಟು ತಿರುಗಿತು. ನಾಲ್ಕೂ ಬಿಚ್ಚಿದಾಗ ಬಿಸಿ ಹೊಗೆ ಮುಖಕ್ಕೆ ಹೊಡೆಯಿತು. ಅಣ್ಣ ಎಡಗೈಯಲ್ಲಿ ಕೊಳವೆ ಹೇಗೆ ತೂರಿಸಬೇಕೆಂದು ತೋರಿಸಿದ, ಅವಳು ತೂರಿಸಿದಳು. ಪಂಪು ಓಡಿತು. ಸಾಹೇಬರ ಅಂಗಿಯ ಮೇಲೆ ಬೂದು ಪುಡಿ ಮೆಲ್ಲಗೆ ಕೂರತೊಡಗಿತು. ಅವರು ಅದನ್ನು ಕೊಡವಲೂ ಮರೆತಿದ್ದರು.

ತಪಾಸಣೆಯ ದಿನವೆಂದು ಕುಲುಮೆಗೆ ಅರ್ಧ ಬೆಂಕಿಯನ್ನಷ್ಟೇ ಹಾಕಿಸಿದ್ದರು. ಆದರೂ ಕಾಗದ ಕಪ್ಪಾಗಿ ಬಂತು. ಲ್ಯಾಬಿನಲ್ಲಿ ಅವಳು ಅದನ್ನು ಒಣಗಿಸಿ, ಎಲ್ಲರ ಎದುರಿಗೆ ತಕ್ಕಡಿಯಲ್ಲಿಟ್ಟು, ಲೆಕ್ಕ ಹಾಕಿ, ಗಟ್ಟಿಯಾಗಿ ಓದಿದಳು: "ನೂರ ಅರವತ್ತೆಂಟು. ಅರ್ಧ ಬೆಂಕಿಗೆ."

ಇಸ್ತ್ರಿ ಸಾಹೇಬರು ಅವಳ ಹತ್ತಿರ ಬಂದು ಹಲ್ಲುಗಳ ನಡುವೆ ಹೇಳಿದರು: "ನಾಳೆಯಿಂದ ಇಬ್ಬರೂ ಬರಬೇಡಿ."

ಅವಳು ದನಿ ತಗ್ಗಿಸಲಿಲ್ಲ. "ಬರ್ತೀವಿ ಸರ್. ಬರಬೇಡಿ ಅನ್ನೋದನ್ನ ಬರೆದುಕೊಡಿ, ಅದನ್ನೂ ಎರಡು ಕಡೆ ಬರ್ಕೋತೀನಿ. ಗುರುವಾರ ಕಿಂಡಿ ಬೇರೆ ಬಿಚ್ಚಬೇಕು."

ಇನ್ಸ್‌ಪೆಕ್ಟರಮ್ಮ ಹಾಳೆ ಮುಂದಿಟ್ಟರು. ತೂಗಿದವರ ಜಾಗದಲ್ಲಿ ತೂಕದಕ್ಕ ಸಹಿ ಹಾಕಿದಳು. ಮಾದರಿ ತೆಗೆದವರ ಜಾಗ ಉಳಿಯಿತು. "ಇದನ್ನೂ ನೀವೇ ಹಾಕ್ತೀರಾ?" ಎಂದು ಕೇಳುವಷ್ಟರಲ್ಲಿ ಅಣ್ಣ ಮುಂದೆ ಬಂದು ಪೆನ್ನು ತೆಗೆದುಕೊಂಡ. ಕೈ ಅಲುಗುತ್ತಿತ್ತು. ತಂಗಿ ಅವನ ಮಣಿಕಟ್ಟಿಗೆ ಆಸರೆ ಕೊಡಲು ಹೋದಳು.

"ಬಿಡು ಪುಟ್ಟಿ. ಹೇಗಿದೆಯೋ ಹಾಗೇ ಬರ್ಲಿ."

ಸಹಿ ಗೆರೆ ದಾಟಿ, ಚೌಕ ದಾಟಿ, ಹಾಳೆಯ ಅಂಚಿನವರೆಗೂ ಹೋಯಿತು. ಇನ್ಸ್‌ಪೆಕ್ಟರಮ್ಮ ಅದನ್ನು ನೋಡಿದರು, ಅವನ ಕೈಯನ್ನು ನೋಡಿದರು. "ಕೈಗೆ ಏನಾಗಿದೆ?"

ಅಣ್ಣ ಆ ಕೈಯಲ್ಲೇ ಗಾಜಿನ ಪೆಟ್ಟಿಗೆಯೊಳಗಿದ್ದ ಕಪ್ಪು ಕಾಗದವನ್ನು ತೋರಿಸಿದ.

"ಅದೇ ಆಗಿದೆ ಮೇಡಂ. ಇದನ್ನೂ ವರದೀಲಿ ಬರ್ಕೊಳ್ಳಿ."

ಇನ್ಸ್‌ಪೆಕ್ಟರಮ್ಮ ಚೀಲದಿಂದ ಇನ್ನೊಂದು ಹಾಳೆ ತೆಗೆದರು.