ನಾಲ್ಕು ಡ್ರಮ್ಮಿನ ತೆಪ್ಪ

ತೇಲುವ ಲೆಕ್ಕವನ್ನು ಬಿಡಿಸಿ ಹೇಳುವಷ್ಟು ವಿದ್ಯೆ ಇಲ್ಲದೆಯೂ ಈ ಕಥೆ ಹೇಳಲು ಹೊರಟಿದ್ದಕ್ಕೆ ತಿಳಿದವರು ಕ್ಷಮಿಸಬೇಕು. ಸುಮ್ಮನಿದ್ದರೆ ಇನ್ನೊಂದು ತೋಟದಲ್ಲಿ ಇಂಥದ್ದೇ ತೆಪ್ಪ ಕಟ್ಟಿಯಾರು ಎಂಬ ಅಂಜಿಕೆ ಬಿಡುತ್ತಿಲ್ಲ.

ಸಂಸೆಯ ಹತ್ತಿರ ರುದ್ರಪ್ಪನದು ಸಣ್ಣ ಕಾಫಿ ತೋಟ. ಆ ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬರಲಿಲ್ಲ. ರೋಬಸ್ಟಾ ಕಾಫಿಯ ಮೊಗ್ಗು ನೀರಿಗಾಗಿ ಕಾದು ನಿಂತಿತ್ತು. ತೋಟದ ಕೆರೆಯ ನೀರು ನಡುವಿಗೆ ಸರಿದು, ಅಂಚೆಲ್ಲ ಕೆಸರಾಗಿ, ಪಂಪಿನ ಪೈಪು ನೀರಿಗೆ ಎಟುಕುತ್ತಿರಲಿಲ್ಲ.

ರುದ್ರಪ್ಪ ಔಷಧಿ ಕಲಸುವ ನೀಲಿ ಡ್ರಮ್ಮುಗಳನ್ನು ನಾಲ್ಕು ಮೂಲೆಗೆ ಇಟ್ಟು, ಮೇಲೆ ಸಿಲ್ವರ್ ಓಕ್ ಮರದ ಹಸಿ ಗಳುಗಳನ್ನು ಬಿಗಿದು ತೆಪ್ಪ ಕಟ್ಟಿದ. ಅದರ ಮೇಲೆ ಡೀಸೆಲ್ ಪಂಪು, ಪಂಪು ನಡೆಸಲು ತಾನು, ಜೊತೆಗೆ ತೋಟದ ಕೆಲಸದ ಮಾರಯ್ಯ ಎಂದು ಅವನ ಲೆಕ್ಕ. ಹೆಂಡತಿ ಕುಸುಮಾ ಬಂದು ಅಡ್ಡ ನಿಂತಳು. ಗಂಡನಿಗೆ ಈಜು ಬಾರದು.

"ರೀ, ನಾಗಶ್ರೀ ಬರೋವರೆಗಾದ್ರೂ ತಡೀರಿ."

ನಾಗಶ್ರೀ ರುದ್ರಪ್ಪನ ತಂಗಿ, ಕಳಸದಲ್ಲಿ ಹೈಸ್ಕೂಲಿನ ವಿಜ್ಞಾನದ ಟೀಚರ್.

"ಅವ್ಳು ಬಂದು ತೆಪ್ಪಕ್ಕೂ ಮಾರ್ಕ್ಸ್ ಕೊಡ್ತಾಳಾ?" ಎಂದು ರುದ್ರಪ್ಪ ನಕ್ಕ. ಆದರೂ ತಡೆದ.

ನಾಗಶ್ರೀ ಬಂದವಳೇ ತೆಪ್ಪವನ್ನು ಒಂದು ಸುತ್ತು ಹಾಕಿದಳು. "ಅಣ್ಣಾ, ಎಷ್ಟು ಭಾರ ತಡಿಯುತ್ತೆ ಇದು?"

"ಡ್ರಮ್ಮಿಗೆ ಇನ್ನೂರು ಲೀಟರ್. ನಾಲ್ಕಕ್ಕೆ ಎಂಟುನೂರು. ಎಂಟುನೂರು ಕೆಜಿ ಹೊರುತ್ತೆ. ನಾನೂ ಶಾಲೆಗೆ ಹೋದೋನೇ ಮಾರಾಯ್ತಿ!"

"ಕಾಫಿ ಹಣ್ಣನ್ನ ಸಿಪ್ಪೆ ಸುಲಿಯೋ ಪಲ್ಪರಿಗೆ ಹಾಕೋ ಮುಂಚೆ ನೀರಿನ ತೊಟ್ಟಿಗೆ ಸುರೀತೀಯಲ್ಲ, ಜೊಳ್ಳು ಯಾಕೆ ತೇಲುತ್ತೆ?"

"ಒಳಗೆ ಟೊಳ್ಳು. ಅದಕ್ಕೆ."

"ಡ್ರಮ್ಮೂ ಹಾಗೇ. ಎಷ್ಟು ನೀರನ್ನ ಪಕ್ಕಕ್ಕೆ ತಳ್ಳುತ್ತೋ ಅಷ್ಟು ತೂಕ ಹೊರುತ್ತೆ. ಎಂಟುನೂರು ಅನ್ನೋದು ಡ್ರಮ್ಮು ಪೂರ್ತಿ ಮುಳುಗಿದಾಗಿನ ಮಾತು. ಅರ್ಧ ಮಾತ್ರ ನಂಬಬೇಕು, ನಾನೂರು. ಡ್ರಮ್ಮು, ಹಸಿ ಗಳು ಸೇರಿ ನೂರೈವತ್ತಾದ್ರೂ ಇರುತ್ತೆ. ಪಂಪು ಇನ್ನೊಂದು ನೂರೈವತ್ತು. ಉಳಿದ ನೂರರಲ್ಲಿ ನೀವಿಬ್ರು ಹೇಗೆ ಕೂರ್ತೀರಿ?"

"ಟೀಚರಮ್ಮಾ, ನಾನು ಬೇಕಾದ್ರೆ ಊಟ ಬಿಟ್ಟು ಬರ್ತೀನಿ," ಎಂದ ಮಾರಯ್ಯ. ಕುಸುಮಾಳಿಗೂ ನಗು ಬಂತು.

"ಮನುಷ್ಯರು ಹತ್ತೋ ಮುಂಚೆ ಮಣ್ಣಿನ ಚೀಲ ಹತ್ತಲಿ ಅಣ್ಣಾ. ಇಷ್ಟು ಮಾತು ಕೇಳು."

ಪಂಪು ಮತ್ತು ಅವರಿಬ್ಬರ ತೂಕಕ್ಕೆ ಸರಿಯಾಗಿ ಮಣ್ಣು ತುಂಬಿದ ಚೀಲಗಳನ್ನು ಹೇರಿದರು. ತಾನು ಕೂರುವ ಕಡೆಯ ಚೀಲದ ಮೇಲೆ ರುದ್ರಪ್ಪ ತಮಾಷೆಗೆ ತನ್ನ ಟೋಪಿ ಇಟ್ಟ. ಹಗ್ಗ ಕಟ್ಟಿ, ಬಿದಿರಿನಿಂದ ನಡುಕೆರೆಗೆ ನೂಕಿದರು. ತೆಪ್ಪ ತೇಲಿತು.

"ನೋಡ್ದ್ಯಾ? ಫುಲ್ ಮಾರ್ಕ್ಸ್ ಕೊಡು ಈಗ!"

ನಾಗಶ್ರೀ ಪೆಚ್ಚಾದಳು. "ತೇಲ್ತಿದೆ, ನಿಜ. ಸ್ವಲ್ಪ ಹೊತ್ತು ಹಾಗೇ ಬಿಡೋಣ."

ಕುಸುಮಾ ತಂದ ಕಾಫಿ ಕುಡಿಯುತ್ತ ಎಲ್ಲರೂ ದಡದಲ್ಲೇ ಕುಳಿತರು. ಲೋಟ ಇನ್ನೂ ಖಾಲಿಯಾಗಿರಲಿಲ್ಲ. ಟೋಪಿ ಇದ್ದ ಮೂಲೆ ಮೆಲ್ಲಗೆ ತಗ್ಗುತ್ತಿರುವುದನ್ನು ಕುಸುಮಾ ಕಂಡಳು. "ರೀ..." ಎನ್ನುವಷ್ಟರಲ್ಲಿ ಒಂದು ಚೀಲ ಜಾರಿತು. ಅದರ ಹಿಂದೆ ಉಳಿದವೂ ಜಾರಿದವು. ಎದುರು ಮೂಲೆಯ ಡ್ರಮ್ಮು ನೀರಿನಿಂದ ಎದ್ದು ಬಂತು. ಇಡೀ ತೆಪ್ಪ ಧಡಾರನೆ ಮಗುಚಿಕೊಂಡಿತು.

ಚೀಲಗಳು ತಳ ಸೇರಿದವು. ನೀರಿನ ಮೇಲೆ ಟೋಪಿ ಒಂದೇ ತಿರುಗುತ್ತಿತ್ತು.

ಕುಸುಮಾ ಗಂಡನ ತೋಳು ಹಿಡಿದಳು, ಅವನು ದಡದಲ್ಲೇ ಇದ್ದಾನೆಂದು ಖಾತ್ರಿ ಮಾಡಿಕೊಳ್ಳುವವಳಂತೆ.

ಹಗ್ಗ ಎಳೆದು ನೋಡಿದರೆ ಆ ಮೂಲೆಯ ಡ್ರಮ್ಮಿನ ತುಂಬ ನೀರು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಪೈಪಿಗೆಂದು ಅದರ ಬುಡದಲ್ಲಿ ಹಿಂದೆ ತೂತು ಕೊರೆದಿದ್ದರು. ರುದ್ರಪ್ಪ ಅದಕ್ಕೆ ಮರದ ಬೆಣೆ ಹೊಡೆದು ಅಂಟು ಮೆತ್ತಿದ್ದ.

"ಈ ತೂತಿನ ವಿಷ್ಯ ಹೇಳ್ಲೇ ಇಲ್ವಲ್ಲೋ ಅಣ್ಣಾ!" ನಾಗಶ್ರೀ ಬೆಣೆಯ ಮೇಲೆ ಬೆರಳಿಟ್ಟಳು. "ನಾನಾದ್ರೂ ಕೇಳ್ಬೇಕಿತ್ತು. ಟೊಳ್ಳಿಗೆ ನೀರು ಹೊಕ್ಕಿದ್ಮೇಲೆ ಅದು ಹೊರೋದೆಲ್ಲಿ ಬಂತು? ಒಂದು ಮೂಲೆ ಸೋತ್ರೆ ಉಳಿದ ಮೂರೇ ಸೇರಿ ಮಗುಚಿ ಹಾಕ್ತವೆ."

"ಪಂಪು ದಡದಲ್ಲೇ ಇರ್ಲಿ," ಎಂದ ರುದ್ರಪ್ಪ.

ಕೆಸರಿಗೆ ಹಲಗೆ ಹಾಸಿ ಪಂಪನ್ನು ಇಳಿಸಿದರು. ಬಾಯಿ ಬಿಗಿದ ಖಾಲಿ ಕ್ಯಾನುಗಳಿಗೆ ಪೈಪಿನ ತುದಿಯನ್ನು ಕಟ್ಟಿ, ಬಿದಿರಿನಿಂದ ನೂಕಿ ತೇಲಿಸಿದರು. ಮನುಷ್ಯರು ನೀರಿಗೆ ಇಳಿಯಲೇ ಇಲ್ಲ. ತೋಟಕ್ಕೆ ನೀರಾಯಿತು, ಮೊಗ್ಗು ಬಿರಿಯಿತು.

ಓದುವ ಅಣ್ಣಂದಿರೇ, ಅಕ್ಕಂದಿರೇ, ಸಾಧ್ಯವಾದರೆ ತೆಪ್ಪವೇ ಬೇಡ. ಬೇಕೇಬೇಕು ಎಂದಾದರೆ ತೂತು ಕೊರೆದ ಡ್ರಮ್ಮು ಎಷ್ಟೇ ಗಟ್ಟಿ ಕಂಡರೂ ಬಳಸಬೇಡಿ. ಡ್ರಮ್ಮುಗಳ ಒಟ್ಟು ಲೀಟರಿನ ಅರ್ಧ ಭಾರವನ್ನಷ್ಟೇ ನಂಬಿ, ತೆಪ್ಪದ ಸ್ವಂತ ತೂಕವನ್ನು ಅದರಲ್ಲೇ ಕಳೆಯಿರಿ. ಮೊದಲು ಮಣ್ಣಿನ ಚೀಲ ಹತ್ತಿಸಿ ಅರ್ಧ ದಿನವಾದರೂ ನೀರಲ್ಲಿ ಬಿಡಿ. ಲೈಫ್ ಜಾಕೆಟ್ ಇಲ್ಲದೆ ಯಾರೂ ಹತ್ತಬೇಡಿ, ಈಜು ಬಂದರೂ ಸರಿಯೇ.

ಇನ್ನೊಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ರುದ್ರಪ್ಪ ಹೊಡೆದಿದ್ದ ಬೆಣೆ ಬಿಗಿಯಾಗಿಯೇ ಇತ್ತು, ಮುಚ್ಚಳವೂ ಹಾಗೇ ಇತ್ತು. ಡ್ರಮ್ಮನ್ನು ತಿರುವಿ ತಿರುವಿ ನೋಡಿದರೂ ಬಿರುಕು ಕಾಣಲಿಲ್ಲ. ನೀರು ಎಲ್ಲಿಂದ ಹೊಕ್ಕಿತೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ; ಗಟ್ಟಿ ಕಂಡರೂ ಬಳಸಬೇಡಿ ಎಂದದ್ದು ಅದಕ್ಕೇ.