ತಪ್ಪು ಕಾಗುಣಿತದ ಪಟ್ಟಿ

ಅವಳ ನಿಜವಾದ ಹೆಸರು ಇದ್ದದ್ದು ಹಾಜರಿ ಪುಸ್ತಕದಲ್ಲಿ ಮಾತ್ರ. ಪತ್ರಿಕೆಯ ಕಚೇರಿಯಲ್ಲಿ ಎಲ್ಲರಿಗೂ ಅವಳು ಕರಡಮ್ಮ. ಅಚ್ಚಿಗೆ ಹೋಗುವ ಪುಟಗಳ ಕರಡನ್ನು ಇಪ್ಪತ್ತಾರು ವರ್ಷ ತಿದ್ದಿದವಳು. ಅಲ್ಪಪ್ರಾಣ ಇರಬೇಕಾದ ಕಡೆ ಮಹಾಪ್ರಾಣ ಕಂಡರೆ ಅನ್ನದಲ್ಲಿ ಕಲ್ಲು ಸಿಕ್ಕವಳಂತೆ ಮುಖ ಹಿಂಡುತ್ತಿದ್ದಳು. ನೆಂಟರ ಮದುವೆಯ ಕಾಗದ ಬಂದರೂ ದಿನಾಂಕ ನೋಡುವ ಮೊದಲು ಕೆಂಪು ಪೆನ್ನು ಹುಡುಕುವ ಹೆಂಗಸು.

ಅಚ್ಚು ನಿಂತು ಪತ್ರಿಕೆ ಬರೀ ವೆಬ್‌ಸೈಟ್ ಆದಾಗ ಅವಳನ್ನು ಮೂರನೇ ಮಹಡಿಯ ಜಾಹೀರಾತು ವಿಭಾಗಕ್ಕೆ ಹಾಕಿದರು. ಅಲ್ಲಿನ ಮುಖ್ಯಸ್ಥೆ ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಮಾತು ಚುರುಕು. ಜನ ಮೊಬೈಲಿನಲ್ಲಿ ಏನಾದರೂ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಎರಡು ಸಾಲಿನ ಜಾಹೀರಾತು ಬರುತ್ತದಲ್ಲ, ಅಲ್ಲಿ ನಮ್ಮ ಸುದ್ದಿ ಕಾಣಬೇಕು. ಯಾವ ಯಾವ ಪದಕ್ಕೆ ಕಾಣಬೇಕೆಂದು ಮೊದಲೇ ಆರಿಸಿ ಕೊಡಬೇಕು, ಅದೇ ಕೆಲಸ ಎಂದಳು.

"ಜನ ಸರಿಯಾಗಿ ಬರೆಯಲ್ಲ ಅಮ್ಮಾ. 'ಫಲಿತಾಂಶ' ಅನ್ನೋದನ್ನ ಹತ್ತು ಥರ ಬರೀತಾರೆ. ಆ ಹತ್ತೂ ನಮಗೆ ಬೇಕು. ಯಾರು ಎಲ್ಲಿ ತಪ್ಪು ಮಾಡ್ತಾರೆ ಅಂತ ನಿಮಗಿಂತ ಚೆನ್ನಾಗಿ ಗೊತ್ತಿರೋರು ಯಾರಿದಾರೆ?"

"ಅಂದ್ರೆ ತಪ್ಪನ್ನ ತಿದ್ದೋದಲ್ಲ, ಕೂಡಿಡೋದು."

"ಅದೇ."

ಜೀವನವಿಡೀ ಹಾವು ಹೊಡೆದವಳ ಕೈಗೆ ಹಾವಿನ ಬುಟ್ಟಿ ಕೊಟ್ಟಂತಾಯಿತು. ಮನೆಗೆ ಬಂದು ಅತ್ತೆಯ ಮುಂದೆ ಗೊಣಗಿದಳು. ಒಂದೇ ಬೆರಳಿನಲ್ಲಿ ಮೊಬೈಲ್ ಒತ್ತುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ.

"ನೀನು ತಿದ್ದಿ ಕೊಡೋವರೆಗೂ ನನ್ನ ಮಂಡಿನೋವು ಕಾಯುತ್ತಾ? ನಾನು ಹೆಂಗೆ ಬರೆದ್ರೂ ಇದು ಉತ್ತರ ಕೊಡುತ್ತೆ. ನಿನ್ನ ಹಾಗೆ ಮುಖ ಸಿಂಡರಿಸಲ್ಲ."

ದಿನಕ್ಕೆ ಹಲವು ಸಲ ಅವಳ ಪರದೆಗೆ ಒಂದು ಪಟ್ಟಿ ಬರುತ್ತಿತ್ತು. ಜಾಹೀರಾತು ಕಂಡವರು ಏನೆಂದು ಬರೆದು ಹುಡುಕಿದ್ದರು ಎಂಬುದರ ಪಟ್ಟಿ. ಹೆಸರಿಲ್ಲ, ಮುಖವಿಲ್ಲ, ಬರೆದ ಮಾತು, ಹೊತ್ತು, ನಗರದ ಯಾವ ಕಡೆಯಿಂದ ಎಂಬುದು, ಅಷ್ಟೇ. ಮೊದಲ ವಾರ ಅವಳ ಕಣ್ಣಿಗೆ ತಪ್ಪುಗಳೇ ಬಿದ್ದವು. 'ಪರಿಕ್ಷೆಲಿ ಪೇಲಾದರೆ ಮುಂದೆ ಏನು.' 'ಇವತು ಬಸು ಇದಿಯಾ.' 'ಕಾರ್ಕಾನೆ ಮುಚ್ತಾರಂತೆ ನಿಜಾನ.' ತಿಂಗಳು ಕಳೆಯುವ ಹೊತ್ತಿಗೆ ಕಾಗುಣಿತ ಎಲ್ಲೋ ಹಿಂದೆ ಸರಿದು, ಬರೆದವರ ಉಸಿರೇ ಕೇಳತೊಡಗಿತು. ಗಂಡ ಹೆಂಡತಿಯನ್ನು ಕೇಳಲಾರದ, ಮಗಳು ತಾಯಿಯನ್ನು ಕೇಳಲಾರದ ಪ್ರಶ್ನೆಗಳು ಸಾಲುಗಟ್ಟಿ ತನ್ನ ಮೇಜಿನ ಮೇಲೆ ನಿಂತಿವೆ ಎನಿಸಿ, ಕೆಲವೊಮ್ಮೆ ಚಹಾ ಆರಿ ತಣ್ಣಗಾದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಒಂದು ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ ಪಟ್ಟಿ ತೆರೆದಳು. 'ನೀರು ಬಿಡುವ ಸಮಯ' ಎಂಬ ಪುಟಕ್ಕೆ ಅವರ ಜಾಹೀರಾತು ಇತ್ತು. ಅದರ ಕೆಳಗೆ ಬೇರೆಯದೇ ಮಾತುಗಳು ಬಂದು ಕೂತಿದ್ದವು.

'ನಲ್ಲಿ ನೀರು ಸೀಮೆಎಣ್ಣೆ ವಾಸನೆ.' 'ನಳ್ಳಿ ನೀರಲಿ ಡಿಸೆಲ್ ವಾಸ್ನೆ.' 'ನೀರು ಸಿಮೆ ಎಣೆ ನಾತ ಯಾಕೆ.' 'ನೀರ್ ವಾಸನೆ ಮಗುಗೆ ಕುಡ್ಸಿದೆ ಏನಾಗತ್ತೆ.'

ಕೆಳಕ್ಕೆ ಸರಿಸಿದಳು. ಮುಗಿಯಲಿಲ್ಲ. ಎಲ್ಲವೂ ಬೆಳಗಿನ ಏಳು, ಎಂಟು ಗಂಟೆಯವು. ಪಟ್ಟಿ ಬರುವುದೇ ಎರಡು ಗಂಟೆ ತಡವಾಗಿ. ಎಲ್ಲವೂ ನಗರದ ಪೂರ್ವ ಭಾಗದ ಮೂರು ಬಡಾವಣೆಗಳಿಂದ. ಒಬ್ಬರ ಅಡುಗೆಮನೆ ಇನ್ನೊಬ್ಬರಿಗೆ ಕಾಣದು. ಪ್ರತಿಯೊಬ್ಬರೂ ತಮ್ಮ ಕೊಡದ ಮುಂದೆ ಒಂಟಿಯಾಗಿ ನಿಂತು, ತಮ್ಮ ಮೂಗನ್ನೇ ಅನುಮಾನಿಸುತ್ತಾ ಬರೆದಿದ್ದರು. ಅವರೆಲ್ಲರನ್ನೂ ಒಟ್ಟಿಗೆ ಕಾಣುತ್ತಿದ್ದವಳು ತಾನೊಬ್ಬಳೇ.

ಮೆಟ್ಟಿಲಿಳಿದು ಸಂಪಾದಕರ ಕೋಣೆಗೆ ಹೋದಳು. ಅವರು ಪಟ್ಟಿ ನೋಡಿ ಕನ್ನಡಕ ತೆಗೆದರು.

"ಯಾರೋ ಗಾಳಿಸುದ್ದಿ ಹಬ್ಬಿಸಿರ್ತಾರೆ ಕರಡಮ್ಮ. ಜಲಮಂಡಳಿಯವರು ಏನೂ ಹೇಳಿಲ್ಲ."

"ಗಾಳಿಸುದ್ದಿ ಆಗಿದ್ರೆ ಎಲ್ಲರ ತಪ್ಪೂ ಒಂದೇ ಥರ ಇರ್ತಿತ್ತು ಸರ್. ನಕಲು ಹೊಡೆದೋರು ಅಕ್ಷರದ ತಪ್ಪನ್ನೂ ನಕಲು ಹೊಡೀತಾರೆ. ಇಲ್ಲಿ ನೂರು ಜನ ನೂರು ಥರ ಬರೆದಿದಾರೆ. ಇವರು ಯಾರ ಮಾತನ್ನೂ ಕೇಳಿ ಬರೆದಿದ್ದಲ್ಲ. ನೀರು ಮೂಸಿ ನೋಡಿ ಬರೆದಿದ್ದು."

ಸಂಪಾದಕರು ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಮತ್ತೊಮ್ಮೆ ಓದಿದರು. ಆಮೇಲೆ ವರದಿಗಾರ್ತಿಯನ್ನು ಕರೆದು ಪೂರ್ವದ ಬಡಾವಣೆಗೆ ಓಡಿಸಿದರು. ಮುಕ್ಕಾಲು ಗಂಟೆಯಲ್ಲಿ ಫೋನ್ ಬಂತು. ಮೂರು ಬೀದಿಯ ನಲ್ಲಿಗಳಲ್ಲೂ ವಾಸನೆ ಮೂಗಿಗೆ ಹೊಡೆಯುತ್ತಿದೆ. ಲಾರಿ ನಿಲ್ದಾಣದ ಪಕ್ಕ ನೀರಿನ ಪೈಪಿಗಾಗಿ ಅಗೆದ ಕಡೆ ನೆಲದಡಿಯ ಟ್ಯಾಂಕಿನ ಡೀಸೆಲ್ ಸೋರಿ ಪೈಪಿಗೆ ಸೇರುತ್ತಿದೆ. ಅಲ್ಲಿದ್ದ ಜಲಮಂಡಳಿಯ ಎಂಜಿನಿಯರ್ ಒಪ್ಪಿಕೊಂಡಿದ್ದಾನೆ.

ಸುದ್ದಿ ವೆಬ್‌ಸೈಟಿಗೆ ಏರಿತು. ಆದರೆ ಸುದ್ದಿಯಲ್ಲಿ ಎಲ್ಲ ಪದವೂ ಶುದ್ಧವಾಗಿತ್ತು, ಹುಡುಕುವವರದು ಹಾಗಿರಲಿಲ್ಲ. ಕರಡಮ್ಮ ಕುರ್ಚಿ ಎಳೆದುಕೊಂಡು ಕೂತು ಬರೆಯತೊಡಗಿದಳು. ನಲ್ಲಿ, ನಳ್ಳಿ, ನಲಿ. ವಾಸನೆ, ವಾಸ್ನೆ, ಬಾಸ್ನೆ. ಡೀಸೆಲ್, ಡಿಸಲ್, ಡೀಜಲ್. ಇಪ್ಪತ್ತಾರು ವರ್ಷ ಹೊಡೆದುಹಾಕಿದ್ದ ಅಕ್ಷರಗಳೆಲ್ಲ ಕೈಬೆರಳಿಗೆ ತಾವಾಗಿ ಬಂದವು. ಮುನ್ನೂರ ಹನ್ನೆರಡು ಪದಗಳಾದವು. ಅವುಗಳನ್ನು ಹುಡುಕಿದವರಿಗೆ ಎಲ್ಲಕ್ಕಿಂತ ಮೇಲೆ ತೋರಬೇಕಾದ ಸಾಲನ್ನು ಅವಳೇ ಬರೆದಳು: 'ಆ ನೀರು ಕುಡಿಯಬೇಡಿ. ಕಾಯಿಸಿದರೂ ಬೇಡ.'

ಮುಖ್ಯಸ್ಥೆ ಗುಂಡಿ ಒತ್ತಿದಳು. ಪುಟದಲ್ಲಿ ಈಗ ಎಷ್ಟು ಜನರಿದ್ದಾರೆಂದು ತೋರಿಸುವ ಅಂಕಿ ನಲವತ್ತರಿಂದ ಆರುನೂರಕ್ಕೆ, ಮೂರು ಸಾವಿರಕ್ಕೆ, ಹನ್ನೊಂದು ಸಾವಿರಕ್ಕೆ ಏರಿತು. ಮುಖ್ಯಸ್ಥೆ ಕರಡಮ್ಮನ ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಇಷ್ಟು ಜನ ಒಂದೇ ಸಲ ಬಂದಿದ್ದು ನಾನು ನೋಡೇ ಇಲ್ಲ ಅಮ್ಮಾ," ಎಂದಳು ಮೆಲ್ಲಗೆ.

ಮಧ್ಯಾಹ್ನದ ಪಟ್ಟಿಯಲ್ಲಿ ಪ್ರಶ್ನೆಗಳು ಬದಲಾಗಿದ್ದವು. 'ಸ್ನಾನ ಮಾಡ್ಬೋದಾ.' 'ಟ್ಯಾಂಕು ತೊಳಿಯೋದು ಹೆಂಗೆ.' 'ಬೆಕ್ಕು ಕುಡಿದಿದೆ.' ಅವಳು ಒಂದೊಂದನ್ನೂ ಸುದ್ದಿಮನೆಗೆ ಕಳಿಸಿದಳು. ಅವರು ವೈದ್ಯರನ್ನು ಕೇಳಿ ಒಂದೊಂದಕ್ಕೂ ಉತ್ತರ ಸೇರಿಸಿದರು, ಬೆಕ್ಕಿಗೂ. ಜಲಮಂಡಳಿ ನೀರು ನಿಲ್ಲಿಸಿ ಪ್ರಕಟಣೆ ಹೊರಡಿಸಿದ್ದು ಸಂಜೆ ನಾಲ್ಕಕ್ಕೆ. ಅಷ್ಟರಲ್ಲಿ ಆಸ್ಪತ್ರೆಗೆ ಹೋದವರು ಹದಿನಾಲ್ಕು ಮಂದಿ. ಮೂರು ದಿನದಲ್ಲಿ ಎಲ್ಲರೂ ಮನೆಗೆ ಮರಳಿದರು.

ಮರುದಿನ ಬೆಳಗ್ಗೆ ಅವಳ ಬೀದಿಗೂ ಟ್ಯಾಂಕರ್ ಬಂತು. ಮುಂಜಾಗ್ರತೆಗೆಂದು ಇಡೀ ನಗರದ ನೀರು ನಿಲ್ಲಿಸಿದ್ದರು. ಕೊಡ ಹಿಡಿದು ಸಾಲಿನಲ್ಲಿ ನಿಂತಳು. ಮುಂದಿದ್ದ ಹೆಂಗಸು ಪಕ್ಕದವಳಿಗೆ ಹೇಳುತ್ತಿದ್ದಳು: "ನನ್ನ ತಂಗಿ ಆ ಕಡೆಯೇ ಇರೋದು. ಮಗೂಗೆ ಹಾಲು ಕಲಸೋಕೆ ಹೊರಟಿದ್ಳಂತೆ. ಮೊಬೈಲ್ ನೋಡಿ ಚೆಲ್ಲಿದ್ಳು. ಯಾರೋ ಪುಣ್ಯಾತ್ಮರು ಕುಡೀಬೇಡಿ ಅಂತ ಹಾಕಿದ್ರಂತೆ."

ಕರಡಮ್ಮ ಸಾಲಿನತ್ತ ಕಣ್ಣು ಹಾಯಿಸಿದಳು. ಸಾಲು ಉದ್ದವಿತ್ತು. ಎಷ್ಟೋ ವರ್ಷದಿಂದ ಮುಖ ಮಾತ್ರ ಗೊತ್ತಿದ್ದವರು: ಇಸ್ತ್ರಿಯವನು, ಮೂಲೆಮನೆಯ ಟೀಚರು, ಕೆಮ್ಮುವ ಮುದುಕ. ಇವರಲ್ಲಿ ಒಬ್ಬೊಬ್ಬರೂ ಏನನ್ನೋ ಯಾರಿಗೂ ಕಾಣದಂತೆ ಬರೆದು, ಉತ್ತರಕ್ಕೆ ಕಾಯುತ್ತಾರಲ್ಲ ಎಂದುಕೊಂಡಳು. ಮೊದಲ ಸಲ ನೋಡುವವಳ ಹಾಗೆ ಅವರನ್ನೇ ನೋಡುತ್ತ ನಿಂತುಬಿಟ್ಟಳು. ಹಿಂದಿದ್ದವರು "ಮುಂದೆ ಹೋಗಿ ಅಕ್ಕ" ಎಂದು ಎರಡು ಸಲ ಹೇಳಬೇಕಾಯಿತು.