ತುಂಬಿದ ಟೆಂಪೋ

"ಹಾಗೆ ಒತ್ತೊತ್ತಾಗಿ ನಿಲ್ಲಬೇಡ್ರಪ್ಪಾ, ಸ್ವಲ್ಪ ಹರಡ್ಕೊಳ್ಳಿ! ಜನ ಜಾಸ್ತಿ ಕಾಣಬೇಕು," ಎಂದು ಕ್ಷೌರಿಕ ಗಂಟಲು ಹರಿದುಕೊಂಡ.

ಬಸ್ ತಂಗುದಾಣದ ಮುಂದೆ ಊರಿಗೆ ಊರೇ ನೆರೆದಿತ್ತು. ಊರಿನವರಲ್ಲದ ಬೀಗರು, ನೆಂಟರಿಷ್ಟರೂ ಗುಂಪಿನಲ್ಲಿ ಸೇರಿಕೊಂಡಿದ್ದರು. ಹಿಂದೆ ಜನ ಕಮ್ಮಿ ಎಂದು ಊರಿಗೆ ಬರುವ ಬಸ್ಸನ್ನೇ ನಿಲ್ಲಿಸಿದ್ದರು. ಬಸ್ಸು ನಿಂತಿತೆಂದು ಇನ್ನಷ್ಟು ಜನ ಊರು ಬಿಟ್ಟರು. ಈಗ ಸಾರಿಗೆಯ ಸಾಹೇಬರು ಖುದ್ದಾಗಿ ಬಂದು ನೋಡಿ, ಬಸ್ಸು ಮತ್ತೆ ಬಿಡಬೇಕೋ ಬೇಡವೋ ತೀರ್ಮಾನಿಸುತ್ತಾರಂತೆ. ಕಣ್ತುಂಬ ನೋಡಲಿ ಎಂದು ಕ್ಷೌರಿಕ ವಾರವಿಡೀ ಮನೆಮನೆ ಅಲೆದಿದ್ದ.

ಅವನಿಗೇನು ಊರಿನ ಮೇಲಿನ ಅಕ್ಕರೆ ಉಕ್ಕಿ ಹರಿದಿರಲಿಲ್ಲ. ಹೆಂಡತಿಯ ಎರಡೂ ಕಿಡ್ನಿ ಕೈಕೊಟ್ಟಿದ್ದವು; ವಾರಕ್ಕೆರಡು ಸಲ ಪೇಟೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಲೇಬೇಕು. ಊರಿಗಿದ್ದದ್ದು ಒಂದೇ ಟೆಂಪೋ. ಅದು ತುಂಬುವ ತನಕ ಹೊರಡುವುದಿಲ್ಲ, ಈ ಊರಿನಲ್ಲಿ ಅದು ಬೇಗ ತುಂಬುವುದೂ ಇಲ್ಲ. ಕಳೆದ ಸಲ ನರ್ಸಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: "ಇನ್ನೊಂದ್ಸಲ ತಡ ಆದ್ರೆ ಬೆಡ್ ಬೇರೆಯವರಿಗೆ ಕೊಟ್ಬಿಡ್ತೀವಿ."

ಸಾಹೇಬರು ಜೀಪಿನಿಂದ ಇಳಿದವರೇ ಹುಬ್ಬೇರಿಸಿದರು. "ಪರವಾಗಿಲ್ವೇ! ಇಲ್ಲಿ ಜನಾನೇ ಇಲ್ಲ ಅಂದವರು ಯಾರು?"

ಕ್ಷೌರಿಕನಿಗೆ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ. ಅವನ ಅಂಗಡಿ ತಂಗುದಾಣದ ಪಕ್ಕದಲ್ಲೇ ಇತ್ತು. "ಒಳಗೆ ಬನ್ನಿ ಸ್ವಾಮಿ, ಬಿಸಿಲು. ಎರಡು ನಿಮಿಷ, ಮುಖ ಹಗುರ ಮಾಡಿ ಕಳಿಸ್ತೀನಿ."

ಸಾಹೇಬರು ಕುರ್ಚಿಗೆ ಒರಗಿದರು. ಬಾಗಿಲ ಬಳಿ ಸ್ಟೂಲಿನ ಮೇಲೆ ಅವನ ಹೆಂಡತಿ, ಊದಿದ ಕಾಲುಗಳನ್ನು ಸೀರೆಯಡಿ ಮುಚ್ಚಿಕೊಂಡು ಕೂತಿದ್ದಳು.

ಅವನಿಗೊಂದು ಚಾಳಿಯಿತ್ತು. ಕತ್ತಿ ಆಡುವಷ್ಟು ಹೊತ್ತೂ ನಾಲಿಗೆ ಆಡಬೇಕು, ಕುರ್ಚಿಯಲ್ಲಿ ಕೂತವರಿಗೆ ಹಿತವಾಗುವ ಮಾತನ್ನೇ ಆಡಬೇಕು. ಹೊಟ್ಟೆಪಾಡಿಗೆ ಕಲಿತದ್ದು, ಈಗ ರಕ್ತದಲ್ಲೇ ಇಳಿದುಹೋಗಿತ್ತು.

"ಮನೆಗಳೆಲ್ಲ ದೂರದೂರ ಹೊಲದಲ್ಲಿವೆ. ಇಷ್ಟೊಂದು ಜನ ಹೇಗೆ ಬಂದ್ರಪ್ಪಾ? ಪಾಪ, ನಡ್ಕೊಂಡಾ?" ಸಾಹೇಬರು ಕೇಳಿದರು.

"ನಡ್ಕೊಂಡು ಯಾಕೆ ಸ್ವಾಮಿ! ನಮ್ಮ ಟೆಂಪೋದವನು ಇದಾನಲ್ಲ. ಬೆಳಿಗ್ಗೆಯಿಂದ ಓಡಾಡಿ ಎಲ್ಲರನ್ನೂ ಕರ್ಕೊಂಡು ಬಂದ."

"ಒಳ್ಳೇ ಅನುಕೂಲ ಅನ್ನು."

"ಚಿನ್ನದಂಥ ಮನುಷ್ಯ ಸ್ವಾಮಿ. ಕರೆದ್ರೆ ಸಾಕು, ಬಾಗಿಲಿಗೆ ಬಂದು ನಿಲ್ತಾನೆ."

ಹೆಂಡತಿ ಕೆಮ್ಮಿದಳು. ಮತ್ತೆ ಜೋರಾಗಿ ಕೆಮ್ಮಿದಳು. ಮಾತಿನ ಗುಂಗಿನಲ್ಲಿ ಅವನು ತಿರುಗಿಯೂ ನೋಡಲಿಲ್ಲ.

"ಹಾಗಾದ್ರೆ ಕಷ್ಟ," ಎಂದರು ಸಾಹೇಬರು, ನೊರೆ ಬಾಯಿಗೆ ಹೋಗದ ಹಾಗೆ ನಿಧಾನವಾಗಿ. "ಬೇರೆ ಗಾಡಿ ಇರೋ ಊರಿಗೆ ಬಸ್ಸು ಬಿಡೋ ಹಾಗಿಲ್ಲ. ಏನೂ ಇಲ್ಲದ ಊರುಗಳೇ ಬೇಕಾದಷ್ಟಿವೆ."

ಕತ್ತಿ ನಿಂತಿತು. "ಅಲ್ಲ ಸ್ವಾಮಿ... ಅದು ತುಂಬೋ ತನಕ ಹೊರಡೋದೇ ಇಲ್ಲ... ನನ್ನ ಹೆಂಡ್ತಿಗೆ..."

"ಈಗ ತಾನೇ ಚಿನ್ನ ಅಂದ್ಯಲ್ಲಪ್ಪಾ?"

ಅವನಿಗೆ ಈ ನಾಲಿಗೆ ಸೇದಿಹೋಗಬಾರದೇ ಎನಿಸಿತು. ಇನ್ನೊಂದು ಕೆನ್ನೆ ಬಾಕಿಯಿತ್ತು. ಅದನ್ನೂ ನುಣ್ಣಗೆ ಮುಗಿಸಿ, ಮುಖ ಒರೆಸಿ, ಕನ್ನಡಿ ಹಿಡಿದ. ಸಾಹೇಬರು ಗಲ್ಲ ಸವರಿಕೊಂಡು ಜೀಪು ಹತ್ತಿದರು.

ಸುದ್ದಿ ಹಬ್ಬಲು ಹೊತ್ತು ಬೇಕಾಗಲಿಲ್ಲ. ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಿಸಿಲು ಚುರುಗುಟ್ಟುತ್ತಿತ್ತು. ಜನ ಟೆಂಪೋ ಹತ್ತಿದರು, ಜಾಗ ಸಾಲದೆ ಕೆಲವರು ಹಿಂದೆ ಜೋತುಬಿದ್ದರು. ಗಾಡಿ ಒಂದು ಗಳಿಗೆಯೂ ಕಾಯದೆ ಹೊಲದ ಹಾದಿ ಹಿಡಿಯಿತು.

ಧೂಳು ಇಳಿಯುವ ತನಕ ಹೆಂಡತಿ ಅತ್ತಲೇ ನೋಡುತ್ತಿದ್ದಳು.

"ನಾಳೆ ಆಸ್ಪತ್ರೆ ದಿನ," ಎಂದಳು. "ಎಷ್ಟು ಹೊತ್ತಿಗೆ ಬಂದು ಟೆಂಪೋದಲ್ಲಿ ಕೂತ್ಕೊಳ್ಳೋಣ ರೀ?"

ಅವನು ಕತ್ತಿಗಂಟಿದ ನೊರೆಯನ್ನು ಬೆರಳಿನಿಂದ ಸವರಿ ಸವರಿ ತೆಗೆಯುತ್ತ ನಿಂತ.